ದಾನದ ಕಾನಿಗೆ ಎಷ್ಟು ಇಡುಗಂಟು ಬೇಕು?

ದೇವರ ಕಾಡಿಗೆ ಗ್ರಾಮದೇವತೆ ಚೌಡಿಯೇ ಕಾವಲು ಎಂಬ ನಂಬಿಕೆ ಸಾಗರ, ಸೊರಬದ ಕಡೆ ಇನ್ನೂ ಗಟ್ಟಿಯಾಗಿದೆ. ಚೌಡಿಯ ಭಯ ಇದ್ದದ್ದು ನಿಜ. ಆದರೆ ಕಾನುಗಳು, ಅಂದರೆ ಇಂಥ ದಟ್ಟ ಕಾಡುಗಳು, ಉಳಿದದ್ದು ಬರೀ ಭಯದಿಂದಲ್ಲ. ಮರಕ್ಕೆ ಹಬ್ಬಿದ ಕಾಳುಮೆಣಸು, ಬಗನಿ ಮರದ ಕಳ್ಳು ಊರಿಗೆ ಕಾಸು ತರುತ್ತಿದ್ದವು. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲಿ ಸೊರಬದ ಕಾನುಗಳ ಬಗ್ಗೆಯೇ ವರದಿ ಬರೆದರು. ಅಂದರೆ ಅವು ಸರ್ಕಾರದ ಕಣ್ಣಿಗೂ ಬೆಲೆಬಾಳುವ ಸ್ವತ್ತು. ಮೆಣಸು ಕೊಯ್ಯಲು, ಬಳ್ಳಿ ನೋಡಲು ಜನ ಓಡಾಡುತ್ತಿದ್ದ ಕಾಡಿಗೆ ಕದ್ದು ಕೊಡಲಿ ಹಾಕುವುದು ಸುಲಭವಿರಲಿಲ್ಲ. ಈಗ ಹತ್ತಾರು ಎಕರೆ ಕಾಡನ್ನು ಟ್ರಸ್ಟಿಗೆ ದಾನ ಕೊಡುವ ಪುಣ್ಯಾತ್ಮರು ಮರೆಯುವುದು ಇದನ್ನೇ: ಕಾಡಿನ ಜೊತೆ ಅದರ ಕಾವಲಿನ ಖರ್ಚಿಗೆ ಇಡುಗಂಟನ್ನೂ, ಅಂದರೆ ಅಸಲು ಮುಟ್ಟದೆ ಆದಾಯದಲ್ಲೇ ಖರ್ಚು ನಡೆಸುವ ಹಣವನ್ನೂ, ಕೊಡಬೇಕು.

ಕಾಗದಪತ್ರದ ಕೆಲಸ ಹೆಚ್ಚಿಲ್ಲ, ಆದರೆ ಕ್ರಮ ತಪ್ಪಬಾರದು. ಮೊದಲು ಪಹಣಿ ನೋಡಿ. ಸೊಪ್ಪಿನ ಬೆಟ್ಟವನ್ನು ದಾನ ಮಾಡಲು ಬರುವುದಿಲ್ಲ. ಅದು ಸರ್ಕಾರಿ ಜಮೀನು, ಅಡಿಕೆ ತೋಟದವರಿಗೆ ಇರುವುದು ಸೊಪ್ಪು, ದರಗಿನ (ಒಣ ಎಲೆಯ) ಸವಲತ್ತು ಮಾತ್ರ. ಸ್ವಂತ ಹಿಡುವಳಿಯಾದರೆ ಹದ್ದುಬಸ್ತು ಮಾಡಿಸಿ, ಕಲ್ಲು ನೆಡಿಸಿ, ಆಮೇಲೆ ದಾನಪತ್ರ ನೋಂದಾಯಿಸಿ. ಇಬ್ಬರು ಸಾಕ್ಷಿಗಳು ಬೇಕು, ದಾನಿ ಬದುಕಿರುವಾಗಲೇ ಟ್ರಸ್ಟ್ ಅದನ್ನು ಸ್ವೀಕರಿಸಬೇಕು. ಟ್ರಸ್ಟ್ ಮುಚ್ಚಿದರೆ ಜಮೀನು ಅದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕೆಂದು ಟ್ರಸ್ಟ್ ಪತ್ರದಲ್ಲೇ ಬರೆಸಿ. ಇನ್ನೂ ಭದ್ರತೆ ಬೇಕೆಂದರೆ ವನ್ಯಜೀವಿ ಕಾಯ್ದೆಯಡಿ ಸಮುದಾಯ ಮೀಸಲು ಎಂದು ಘೋಷಿಸಲು ಕೇಳಬಹುದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಅಂಥದ್ದು. ಘೋಷಣೆಯಾದ ಮೇಲೆ ಮೀಸಲಿನ ನಿರ್ವಹಣಾ ಸಮಿತಿಯ ನಿರ್ಣಯ, ಸರ್ಕಾರದ ಒಪ್ಪಿಗೆ ಎರಡೂ ಇಲ್ಲದೆ ಆ ನೆಲದ ಬಳಕೆ ಬದಲಿಸುವಂತಿಲ್ಲ.

ಬೇಲಿ ಹಾಕಿ ಬಿಟ್ಟರೆ ಕಾಡು ತಾನೇ ಬೆಳೆಯುತ್ತದೆ ಎನ್ನುವವರಿಗೆ ಲಂಟಾನ ಎಂಬ ಕಳೆಯ ಪೊದೆ ತೋರಿಸಬೇಕು. ನೆಲಮಟ್ಟಕ್ಕೆ ಸವರಿದರೆ ಅದು ಬುಡದಿಂದ ಹತ್ತಾರು ಚಿಗುರು ಒಡೆಯುತ್ತದೆ. ಮಣ್ಣಿನಿಂದ ಒಂದೆರಡು ಅಂಗುಲ ಕೆಳಗೆ ತಾಯಿಬೇರು ಕಡಿದು, ಇಡೀ ಪೊದೆಯನ್ನು ಬುಡಮೇಲು ಮಾಡಿ ಇಡಬೇಕು. ಹಕ್ಕಿ ಕೂರುವ ಮರಗಳಡಿ ಮಳೆಗಾಲದಲ್ಲಿ ಮೊಳೆಯುವ ಸಸಿಗಳನ್ನು ಮುಂದಿನ ಎರಡು ಮೂರು ವರ್ಷ ಕೀಳುತ್ತಲೇ ಇರಬೇಕು. ಕಿಚ್ಚು ದಾಟದಂತೆ ಗುಡಿಸಿಡುವ ಬೆಂಕಿ ಗೆರೆಯದ್ದೂ ಇದೇ ಪಾಡು. ಜನವರಿಯಲ್ಲಿ ಹತ್ತಡಿ ಅಗಲಕ್ಕೆ ಗುಡಿಸಿದರೆ ಮುಗಿಯಲಿಲ್ಲ. ಎಲೆ ಉದುರಿಸುವ ಮರಗಳಿದ್ದಲ್ಲಿ ಮಾರ್ಚ್ ಹೊತ್ತಿಗೆ ಗೆರೆ ಮತ್ತೆ ಮುಚ್ಚಿಹೋಗಿರುತ್ತದೆ. ಗುಡಿಸಿದ ದರಗನ್ನು ಅಂಚಿನಲ್ಲೇ ರಾಶಿ ಹಾಕಿದರಂತೂ ಕಿಚ್ಚು ಅಲ್ಲಿಂದಲೇ ಗೆರೆ ಹಾರುತ್ತದೆ.

ಕಾವಲುಗಾರನಿಗೆ ತಿಂಗಳಿಗೆ 15,000, ಕಳೆ ಮತ್ತು ಬೆಂಕಿ ಗೆರೆಗೆ ವರ್ಷಕ್ಕೆ 1.2 ಲಕ್ಷ ಅಂತಿಟ್ಟುಕೊಳ್ಳಿ. ಒಟ್ಟು 3 ಲಕ್ಷ. ಬ್ಯಾಂಕ್ ಬಡ್ಡಿ ಶೇ. 7 ಇದ್ದರೆ 43 ಲಕ್ಷದ ಠೇವಣಿ ಸಾಕಲ್ಲ ಎಂದು ಟ್ರಸ್ಟಿಗಳು ನೆಮ್ಮದಿಯಾಗಿ ಕೂರುತ್ತಾರೆ. ಸಾಲದು. ಕೂಲಿ ವರ್ಷಕ್ಕೆ ಶೇ. 5 ಏರಿದರೆ ಹದಿನಾಲ್ಕು ಹದಿನೈದು ವರ್ಷಕ್ಕೆ ಖರ್ಚು 6 ಲಕ್ಷ, ಬಡ್ಡಿ ಮಾತ್ರ ಅದೇ 3 ಲಕ್ಷ. ಕೊರತೆಯನ್ನು ಅಸಲಿನಿಂದ ತುಂಬುತ್ತಾ ಹೋದರೆ ಹದಿನೆಂಟು ವರ್ಷಕ್ಕೆ ಗಂಟು ಖಾಲಿ. ಬಡ್ಡಿಯಿಂದ ಬೆಲೆಯೇರಿಕೆ ಕಳೆದರೆ ಉಳಿಯುವ ಶೇ. 2 ಮಾತ್ರ ನಿಜವಾಗಿ ಖರ್ಚಿಗೆ ಸಿಗುವ ಹಣ. ಆ ಲೆಕ್ಕದಲ್ಲಿ ಬೇಕಾದದ್ದು ಒಂದೂವರೆ ಕೋಟಿ. ಅದರ ಬಡ್ಡಿ 10.5 ಲಕ್ಷ; 3 ಲಕ್ಷ ಕಾಡಿಗೆ, 7.5 ಲಕ್ಷ ಮತ್ತೆ ಗಂಟಿಗೆ. ಬಿತ್ತನೆ ಭತ್ತ ಎತ್ತಿಟ್ಟು ಉಳಿದದ್ದನ್ನಷ್ಟೇ ಉಣ್ಣುವ ಪದ್ಧತಿ ಇದು.

ಇಲ್ಲೊಂದು ತೊಡಕಿದೆ, ಬಹಳ ಮಂದಿಗೆ ತಿಳಿಯುವುದು ಲೆಕ್ಕಪರಿಶೋಧಕರು ಬಂದ ಮೇಲೆ. ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್ ತನ್ನ ಆದಾಯದ ಶೇ. 85ನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ದಾನಿ "ಇದು ಇಡುಗಂಟಿಗೆ" ಎಂದು ಬರೆದುಕೊಟ್ಟ ಹಣ ಈ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಆ ಚೀಟಿಯಿಲ್ಲದೆ ಒಂದು ರೂಪಾಯಿಯನ್ನೂ ಗಂಟಿಗೆ ಹಾಕಬೇಡಿ. ಆದರೆ ಗಂಟಿನ ಬಡ್ಡಿ ಆದಾಯವೇ, 7.5 ಲಕ್ಷವನ್ನು ಸುಮ್ಮನೆ ವಾಪಸ್ ಹಾಕಲಾಗದು. ಹಾಗಾಗಿ ಗಂಟಿನ ಒಂದು ಪಾಲನ್ನು ವರ್ಷವರ್ಷ ಬಡ್ಡಿ ಕೊಡುವ ಠೇವಣಿಯ ಬದಲು, ಕಾನೂನು ಒಪ್ಪುವ ಮ್ಯೂಚುವಲ್ ಫಂಡಿನ ಬೆಳವಣಿಗೆ ಯೋಜನೆಯಲ್ಲಿ (ಮಾರುವವರೆಗೆ ಲಾಭ ಕೈಗೆ ಬಾರದೆ ಒಳಗೇ ಬೆಳೆಯುತ್ತದೆ) ಇಡುವುದು ವಾಸಿ. ಏರಿಳಿತ ಇದ್ದೇ ಇರುತ್ತದೆ, ಇಡೀ ಗಂಟನ್ನು ಅಲ್ಲಿ ಹಾಕಬೇಡಿ. ಗೊತ್ತಾದ ಕೆಲಸಕ್ಕೆಂದು ಮೊದಲೇ ಅರ್ಜಿ ತುಂಬಿ ಐದು ವರ್ಷದವರೆಗೆ ಹಣ ಕೂಡಿಡಲೂ ಅವಕಾಶವಿದೆ. ಗಡಿಯ ಅಗಳು (ಕಂದಕ) ನಮ್ಮ ಮಳೆಗೆ ಹೂಳು ತುಂಬುವುದು ಖಾತ್ರಿ. ಅದನ್ನು ಮತ್ತೆ ತೋಡಿಸುವ ಖರ್ಚನ್ನು ಈ ಬಾಬ್ತಿನಲ್ಲಿ ತೋರಿಸಬಹುದು.