ತಾಲ್ಲೂಕು ವರದಿಗಾರನ ಸಂಬಳ ಯಾರು ಕೊಡಬೇಕು?

ಅಂತರ್ಜಾಲದ ಕಾಲದಲ್ಲಿ ಜಿಲ್ಲಾ ಪತ್ರಿಕೆಗಳು ಉಳಿಯುತ್ತವೆಯೇ ಎಂದು ಕೇಳುವವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಕಾಗದದ ಪ್ರಶ್ನೆ. ಮಂಡ್ಯದ ದಿನಪತ್ರಿಕೆಯೊಂದರಲ್ಲಿ ಸಂಪಾದಕೀಯದ ಹೊಣೆ ಹೊತ್ತಿರುವ ನನಗೆ ಕಾಗದಕ್ಕಿಂತ ಹೆಚ್ಚಾಗಿ ಕಾಡುವುದು ಬೇರೆಯದೇ ಚಿಂತೆ. ಮಳವಳ್ಳಿಯಲ್ಲೋ ನಾಗಮಂಗಲದಲ್ಲೋ ಪುರಸಭೆಯ ಸಭೆ ಮುಗಿಯುವವರೆಗೂ ಕುಳಿತು, ನಡಾವಳಿಯ ಪ್ರತಿ ಕೇಳಿ ಪಡೆದು, ಸಂಜೆಯೊಳಗೆ ಸುದ್ದಿ ಕಳಿಸುವ ವರದಿಗಾರನನ್ನು ಇನ್ನು ಮುಂದೆ ಸಾಕುವವರು ಯಾರು?

ಕೃಷ್ಣರಾಜಸಾಗರ ಅಣೆಕಟ್ಟೆಯಿಂದ ನಮ್ಮ ಗದ್ದೆಗಳಿಗೆ ನೀರು ತರುವ ವಿಶ್ವೇಶ್ವರಯ್ಯ ನಾಲೆಯ ಸುದ್ದಿಯನ್ನೇ ತೆಗೆದುಕೊಳ್ಳಿ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಇಂದು ನೀರು ಎಷ್ಟಿದೆ, ಒಳಹರಿವು ಹೊರಹರಿವು ಎಷ್ಟು ಎಂಬುದೆಲ್ಲ ಅಂದೇ ಎಲ್ಲರ ಮೊಬೈಲಿಗೆ ಬಂದಿರುತ್ತದೆ, ಅದನ್ನೇ ಮರುದಿನ ಅಚ್ಚು ಹಾಕಿ ಮಾರುವುದರಲ್ಲಿ ಅರ್ಥವಿಲ್ಲ. ಆದರೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡಲು ನೀರಾವರಿ ಸಲಹಾ ಸಮಿತಿ ತೀರ್ಮಾನಿಸಿದ ಮೇಲೆ, ಆ ನೀರು ಮದ್ದೂರು, ಮಳವಳ್ಳಿ ಕಡೆಯ ಕೊನೇ ಭಾಗದ ಗದ್ದೆಗಳಿಗೆ ಎಂದು ತಲುಪಿತು, ಎಷ್ಟು ದಿನ ಹರಿಯಿತು, ಯಾವ ತೂಬು ಹೂಳು ತುಂಬಿ ಕಟ್ಟಿಕೊಂಡಿತ್ತು ಎಂಬುದನ್ನು ಯಾರಾದರೂ ನಾಲೆ ಏರಿಯ ಮೇಲೆ ಬೈಕಿನಲ್ಲಿ ಹೋಗಿ, ಕಣ್ಣಾರೆ ಕಂಡು, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯನ್ನು ಮಾತನಾಡಿಸಿ ಬರೆಯಬೇಕು. ‘ನಾಳೆಯಿಂದ ನಾಲೆಗೆ ನೀರು’ ಎಂಬ ಹಳೆಯ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಸುತ್ತತೊಡಗಿದಾಗ, ಅದನ್ನು ನಂಬಿ ಒಟ್ಲು (ಭತ್ತದ ಸಸಿಮಡಿ) ಹಾಕಿದ ರೈತನಿಗೆ ಉತ್ತರ ಹೇಳುವವರು ಯಾರೂ ಇರುವುದಿಲ್ಲ. ಪತ್ರಿಕೆಯ ವರದಿ ತಪ್ಪಾದರೆ ಬೆಳಿಗ್ಗೆಯೇ ಅವನು ನಮ್ಮ ಕಚೇರಿಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಹಾಗೆ ಬಂದು ಕೇಳುವ ಹಕ್ಕು ಅವನಿಗಿದೆ.

ಈ ಕೆಲಸಕ್ಕೆ ಬೇಕಾದ ಹಣ ಎಲ್ಲಿಂದ ಬರುತ್ತದೆ? ಓದುಗರು ಕೊಡುವ ಬೆಲೆಯಲ್ಲಿ ಏಜೆಂಟರ ಕಮಿಷನ್ ಕಳೆದರೆ ಉಳಿಯುವುದು ಮುದ್ರಣ ಕಾಗದದ ಖರ್ಚಿಗೂ ಸಾಲದು. ಆಮದು ಕಾಗದದ ಮೇಲೆ 2019ರ ಬಜೆಟ್ ಶೇ 10ರಷ್ಟು ಸುಂಕ ಹೇರಿ, ಮರುವರ್ಷ ಅದನ್ನು ಶೇ 5ಕ್ಕೆ ಇಳಿಸಿತು. ಅಷ್ಟರಲ್ಲಿ ಕೊರೊನಾ ಬಂದು, ಸೋಂಕಿನ ಭಯಕ್ಕೆ ಎಷ್ಟೋ ಮನೆಗಳು ಪತ್ರಿಕೆ ತರಿಸುವುದನ್ನೇ ಬಿಟ್ಟವು. ಬಾಡಿಗೆ ಮನೆ, ನಿವೇಶನ, ಹಳೆಯ ವಾಹನಗಳ ಬಿಡಿ ಜಾಹೀರಾತುಗಳು ಮೊಬೈಲಿಗೆ ಹೋದವು. ಇನ್ನೂ ಉಳಿದಿರುವುದು ಶ್ರದ್ಧಾಂಜಲಿ ಮತ್ತು ಕಾನೂನು ಪ್ರಕಟಣೆ. ಹನ್ನೊಂದನೇ ದಿನದ ಪುಣ್ಯತಿಥಿಯ ಜಾಹೀರಾತು ಕೊಡಲು ಬರುವವರು ಮೊಬೈಲಿನಲ್ಲೇ ಭಾವಚಿತ್ರ ತರುತ್ತಾರೆ. ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳ ಹೆಸರುಗಳ ಅನುಕ್ರಮವನ್ನು ನಿಂತುಕೊಂಡೇ ಓದಿ ತಿದ್ದಿಸಿ, ಬಂಧುಗಳಿಗೆ ಹಂಚಲು ಹೆಚ್ಚಿನ ಪ್ರತಿಗಳನ್ನು ಹೇಳಿ ಹೋಗುತ್ತಾರೆ. ಕಾನೂನು ಪ್ರಕಟಣೆಗೆ ಶಾಸನದ ಬಲವಿದೆ. ಪ್ರತಿವಾದಿಗೆ ಪತ್ರಿಕೆಯ ಮೂಲಕ ಸಮನ್ಸ್ ಜಾರಿ ಮಾಡಲು ನ್ಯಾಯಾಲಯ ಆದೇಶಿಸಿದರೆ, ಆತ ಕೊನೆಯದಾಗಿ ವಾಸವಿದ್ದ, ವ್ಯಾಪಾರ ಅಥವಾ ದುಡಿಮೆ ಮಾಡಿದ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲೇ ಅದು ಬರಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರವೂ ಪ್ರಾಥಮಿಕ ಅಧಿಸೂಚನೆ ಸ್ಥಳೀಯವಾಗಿ ಪ್ರಸಾರವಾಗುವ ಎರಡು ದಿನಪತ್ರಿಕೆಗಳಲ್ಲಿ ಪ್ರಕಟವಾಗಬೇಕು, ಅವುಗಳಲ್ಲಿ ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು.

ಆದರೆ ಪ್ರಕಟಣೆಗಾಗಿಯೇ ಬದುಕುವ ಪತ್ರಿಕೆ ವರದಿಗಾರನನ್ನು ಸಾಕಬೇಕಾದ ಅಗತ್ಯವೇ ಇಲ್ಲ ಎಂಬುದು ಕಹಿಯಾದರೂ ನಿಜ. ನಮ್ಮ ವೃತ್ತಿಯ ದೊಡ್ಡ ಗಾಯ ಇಲ್ಲಿಯೇ ಇದೆ. ಅನೇಕ ಕಡೆ ತಾಲ್ಲೂಕಿನ ಅರೆಕಾಲಿಕ ವರದಿಗಾರನಿಗೆ ಅಲ್ಪ ಗೌರವಧನ ಕೊಟ್ಟು, ಅದರ ಜೊತೆಗೆ ಜಾಹೀರಾತು ತರುವ ಗುರಿಯನ್ನೂ ಹೊರಿಸಲಾಗುತ್ತದೆ. ಮುಖಂಡರ ಹುಟ್ಟುಹಬ್ಬಕ್ಕೆ ಅರ್ಧ ಪುಟದ ಶುಭಾಶಯ ಕೊಡಿ ಎಂದು ಕೇಳಿದವನು, ಮರುವಾರ ಅದೇ ಮುಖಂಡರ ಕಲ್ಲುಕ್ವಾರಿಯ ಬಗ್ಗೆ ಯಾವ ಧೈರ್ಯದಿಂದ ಬರೆದಾನು? ಈ ಎರಡು ಕೆಲಸಗಳನ್ನು ಬೇರೆ ಮಾಡದ ಪತ್ರಿಕೆ ಜಾಲತಾಣಕ್ಕೆ ಹೋದರೂ ಅದರ ಸ್ಥಿತಿ ಸುಧಾರಿಸುವುದಿಲ್ಲ.

ಹಾಗಾಗಿ ಓದುಗನೇ ನೇರವಾಗಿ ಹಣ ಕೊಡುವ ದಾರಿಯನ್ನು ಗಟ್ಟಿ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೈಸೂರಿನಿಂದ 1970ರಲ್ಲಿ ಆರಂಭವಾದ ಸಂಸ್ಕೃತ ದಿನಪತ್ರಿಕೆ ‘ಸುಧರ್ಮಾ’ ಊರೂರಿನ ಚಂದಾದಾರರಿಗೆ ಅಂಚೆಯಲ್ಲಿ ಹೋಗುತ್ತಾ ಬಂದಿದೆ. ಓದುಗರು ಕಡಿಮೆಯಿದ್ದರೂ ಅವರು ಯಾರೆಂದು ಪತ್ರಿಕೆಗೆ ಗೊತ್ತಿದ್ದರೆ ಅದೊಂದು ಆಧಾರ. ಮೈಸೂರಿನದೇ ಕನ್ನಡ ದಿನಪತ್ರಿಕೆಗಳಾದ 1972ರ ‘ಆಂದೋಲನ’, 1978ರ ‘ಮೈಸೂರು ಮಿತ್ರ’ ಬೇರೂರಿದ್ದೂ ತಮ್ಮ ಊರಿನ ಓದುಗರ ನಡುವೆಯೇ. ಬೆಳಗಾಗುವ ಮೊದಲೇ ಇಡೀ ಪತ್ರಿಕೆಯ ಪಿಡಿಎಫ್ ಅನ್ನು ಗುಂಪುಗಳಿಗೆ ಹರಿಯಬಿಡುವ ಅಭ್ಯಾಸವನ್ನು ನಾವೇ ನಿಲ್ಲಿಸದಿದ್ದರೆ ಚಂದಾ ಕೇಳುವ ಬಾಯಿ ನಮಗಿರುವುದಿಲ್ಲ.

ಚಂದಾದಾರನಿಗೆ ಇಂದಿನ ಸುದ್ದಿಯ ಜೊತೆ ಹಳೆಯ ಸುದ್ದಿಯನ್ನೂ ಹುಡುಕಿ ಕೊಡಬೇಕು. ಇಲ್ಲಿ ತಾಂತ್ರಿಕ ತೊಡಕೊಂದಿದೆ. ಜಿಲ್ಲಾ ಪತ್ರಿಕೆಗಳ ಪುಟಗಳು ಬಹುಕಾಲ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಸಿದ್ಧವಾದವು. ತೆರೆಯ ಮೇಲೆ ಕನ್ನಡವಾಗಿ ಕಂಡರೂ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಆದ್ದರಿಂದ ‘ಮಳವಳ್ಳಿ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಪರಿವರ್ತಕಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತುಗಳು ಕೆಡುವುದರಿಂದ ಕನ್ನಡ ಬಲ್ಲವರು ಕುಳಿತು ತಿದ್ದಬೇಕು. ಈ ಕೆಲಸವನ್ನು ಪ್ರಕಟಣೆಗಳ ಪುಟದಿಂದಲೇ ಆರಂಭಿಸಿ, ಆಮೇಲೆ ಪುರಸಭೆ ಮತ್ತು ನಾಲೆಯ ವರದಿಗಳಿಗೆ ಬರುವುದು ಸರಿ. ತನ್ನ ಸರ್ವೆ ನಂಬರಿನ ಅಧಿಸೂಚನೆ ಯಾವ ದಿನ ಪ್ರಕಟವಾಯಿತೆಂದು ಹುಡುಕುವ ರೈತನಿಗೂ ಅವನ ವಕೀಲರಿಗೂ ಅದು ಇಂದೇ ಬೇಕಾಗಿದೆ, ಅದಕ್ಕೆ ಅವರು ಹಣ ಕೊಡಲೂ ಹಿಂಜರಿಯುವುದಿಲ್ಲ.