ಲಿಥುವೇನಿಯಾ ಬಾಸ್ಕೆಟ್‌ಬಾಲ್: ಬೇರೆಯವರ ಜರ್ಸೀಲಿ ಗೆದ್ದ ಚಿನ್ನ, ಸ್ವಂತ ಹೆಸರಲ್ಲಿ ಬಂದ ಕಂಚು

1992ರ ಬಾರ್ಸಿಲೋನಾ ಒಲಿಂಪಿಕ್ಸ್ ಬಾಸ್ಕೆಟ್‌ಬಾಲ್ ಅಂದ ತಕ್ಷಣ ಎಲ್ರಿಗೂ ನೆನಪಾಗೋದು ಜೋರ್ಡನ್, ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಇದ್ದ ಅಮೆರಿಕದ ಡ್ರೀಮ್ ಟೀಮ್. ಆದ್ರೆ ಚಿನ್ನ ಅವರಿಗೇ ಅನ್ನೋದು ಮೊದಲ ದಿನಾನೇ ಗೊತ್ತಿತ್ತಲ್ವಾ, ಹಾಗಾಗಿ ನನ್ನ ಪ್ರಕಾರ ಆ ಟೂರ್ನಮೆಂಟಿನ ನಿಜವಾದ ಮ್ಯಾಚು ಕಂಚಿಗೋಸ್ಕರ ನಡೆದಿದ್ದು. ಒಂದು ಕಡೆ ಲಿಥುವೇನಿಯಾ, ಇನ್ನೊಂದು ಕಡೆ ಒಡೆದುಹೋದ ಸೋವಿಯತ್ ಒಕ್ಕೂಟದ ದೇಶಗಳು ಸೇರಿ ಕಳಿಸಿದ್ದ ಯೂನಿಫೈಡ್ ಟೀಮ್. ಅದು ಯಾಕಷ್ಟು ದೊಡ್ಡ ಮ್ಯಾಚು ಅಂತ ಗೊತ್ತಾಗ್ಬೇಕು ಅಂದ್ರೆ 1930ರ ದಶಕದಿಂದ ಶುರು ಮಾಡ್ಬೇಕು.

ಲಿಥುವೇನಿಯಾ ಬಾಲ್ಟಿಕ್ ಸಮುದ್ರದ ದಂಡೇಲಿರೋ ಪುಟ್ಟ ದೇಶ, ಜನಸಂಖ್ಯೆ ಇವತ್ತಿಗೂ 30 ಲಕ್ಷ ದಾಟಲ್ಲ. ಅಲ್ಲಿಗೆ ಬಾಸ್ಕೆಟ್‌ಬಾಲ್ ಬಂದಿದ್ದು ಸೋವಿಯತ್ ಟ್ರೇನಿಂಗಿಂದ ಅಂತ ಎಷ್ಟೋ ಜನ ಅಂದ್ಕೊಂಡಿದಾರೆ, ಅದು ತಪ್ಪು. ಬಂದಿದ್ದು ಅಮೆರಿಕಕ್ಕೆ ವಲಸೆ ಹೋಗಿದ್ದ ಲಿಥುವೇನಿಯನ್ನರಿಂದ. ಸ್ಟೆಪೋನಾಸ್ ಡಾರಿಯುಸ್ ಅಂತ ಒಬ್ಬ ವಿಮಾನ ಹಾರಿಸೋನು ಅಮೆರಿಕದಿಂದ ಊರಿಗೆ ವಾಪಸ್ ಬಂದು 1920ರ ದಶಕದಲ್ಲಿ ಈ ಆಟ ಕಲಿಸಿದ. 1937ರಲ್ಲಿ ಪಕ್ಕದ ಲಾಟ್ವಿಯಾದ ರೀಗಾದಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಶಿಪ್‌ಗೆ ಫೆಲಿಕ್ಸಾಸ್ ಕ್ರಿಯಾವ್ಚ್ಯೂನಾಸ್, ಪ್ರಾನಾಸ್ ತಾಲ್ಜೂನಾಸ್ ಥರದ ಅಮೆರಿಕದ ಹುಡುಗರನ್ನ ಕರೆಸಿಕೊಂಡು ಆಡಿದ್ರು, ಯಾರೂ ಲೆಕ್ಕಕ್ಕೇ ಇಟ್ಟಿರದ ಟೀಮ್ ಕಪ್ ಹೊಡೀತು. ಗೆದ್ದವರು ಮುಂದಿನ ಸಲ ಆತಿಥ್ಯ ವಹಿಸ್ಬೇಕು, ಅದಕ್ಕೇ ಕೌನಾಸ್ ಊರಲ್ಲಿ ಬಾಸ್ಕೆಟ್‌ಬಾಲ್‌ಗೆ ಅಂತಾನೇ ಒಂದು ಹಾಲ್ ಕಟ್ಟಿದ್ರು, ಆಗ ಯುರೋಪಲ್ಲಿ ಅಂಥದ್ದು ಬಲು ಅಪರೂಪ. 1939ರಲ್ಲಿ ಅದೇ ಹಾಲಲ್ಲಿ ಲಾಟ್ವಿಯಾ ಮೇಲೆ 37-36, ಕೊನೇ ಕ್ಷಣದಲ್ಲಿ ಬಾಲ್ ಹಾಕಿದ್ದು ಪ್ರಾನಾಸ್ ಲುಬಿನಾಸ್. ಇವನು 1936ರ ಬರ್ಲಿನ್ ಒಲಿಂಪಿಕ್ಸಲ್ಲಿ ಅಮೆರಿಕ ಪರ ಫ್ರ್ಯಾಂಕ್ ಲುಬಿನ್ ಅನ್ನೋ ಹೆಸರಲ್ಲಿ ಆಡಿ ಚಿನ್ನ ಗೆದ್ದೋನು. ಲಿಥುವೇನಿಯಾ ಎರಡನೇ ಸಲ ಯುರೋಪಿಯನ್ ಚಾಂಪಿಯನ್.

ಮರುವರ್ಷ, 1940ರಲ್ಲಿ, ಸೋವಿಯತ್ ಸೇನೆ ನುಗ್ಗಿ ದೇಶಾನೇ ನುಂಗಿಬಿಡ್ತು. ಟೀಮ್ ಅನ್ನೋದೇ ಇಲ್ಲದಂಗಾಯ್ತು, ಆದ್ರೆ ಆಟಗಾರರು ಎಲ್ಲಿ ಹೋಗ್ತಾರೆ? 1947ರಲ್ಲಿ ಸೋವಿಯತ್ ಒಕ್ಕೂಟ ಮೊದಲ ಸಲ ಯುರೋಪಿಯನ್ ಚಾಂಪಿಯನ್ ಆದಾಗ ಟೀಮಲ್ಲಿ ಸ್ಟೆಪಾಸ್ ಬುಟಾವ್ಟಾಸ್ ಥರದ ಲಿಥುವೇನಿಯನ್ನರಿದ್ರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕೊನೇ ಮೂರು ಸೆಕೆಂಡಿನ ಗಲಾಟೇಲಿ ಅಮೆರಿಕಾನ ಸೋಲಿಸಿದ ಸೋವಿಯತ್ ಟೀಮಿನ ಕ್ಯಾಪ್ಟನ್ ಯಾರು ಅಂದ್ರೆ ಮೊಡೆಸ್ಟಾಸ್ ಪಾವ್ಲಾವ್ಸ್ಕಾಸ್, ಅವನೂ ಲಿಥುವೇನಿಯಾದವನೇ. ನಮ್ಮ ಕಡೆನೂ ಆಗ ಸೋವಿಯತ್ ಅಂದ್ರೆ ರಷ್ಯಾ ಅಂತಾನೇ ಅನ್ನೋರು, ಹೊರಗಿನವರಿಗೆಲ್ಲ ಇವರು ರಷ್ಯನ್ನರೇ.

ಒಳಗಡೆ ಮಾತ್ರ ಜನ ಮರೆತಿರಲಿಲ್ಲ. ಕೌನಾಸ್‌ನ ಜಾಲ್ಗಿರಿಸ್ ಕ್ಲಬ್ 1985, 86, 87 ಮೂರು ವರ್ಷ ಸತತವಾಗಿ ಮಾಸ್ಕೋದ ಸೇನಾ ಕ್ಲಬ್ ಸಿಎಸ್‌ಕೆಎನ ಹಿಂದಿಕ್ಕಿ ಸೋವಿಯತ್ ಲೀಗ್ ಗೆದ್ದಾಗ ಅದು ಬರೀ ಲೀಗ್ ಗೆಲುವಾಗಿರಲಿಲ್ಲ, ಬೀದೀಲಿ ನಿಂತು ಮಾಸ್ಕೋ ವಿರುದ್ಧ ಕೂಗೋಕೆ ಆಗದ ಜನ ಸ್ಟೇಡಿಯಂ ಒಳಗೆ ಕೂಗ್ತಿದ್ರು. ಆ ಕ್ಲಬ್ಬಿನ ಹುಡುಗಾನೇ ಅರ್ವಿದಾಸ್ ಸಬೋನಿಸ್, 2.21 ಮೀಟರ್ ಎತ್ತರ, ಆ ಎತ್ತರದಲ್ಲಿ ಬಾಲ್ ಹಂಚೋ ಗಾರ್ಡ್ ಥರ ಪಾಸ್ ಕೊಡೋನು, ದೂರದಿಂದ ಶೂಟ್ ಮಾಡೋನು. ಯುರೋಪ್ ಕಂಡ ಅತಿ ಶ್ರೇಷ್ಠ ಸೆಂಟರ್, ಅಂದ್ರೆ ಬುಟ್ಟಿ ಹತ್ರ ಆಡೋ ಎತ್ತರದ ಆಟಗಾರ, ಅವನೇ ಅಂತ ನಾನು ಯಾವ ಅನುಮಾನಾನೂ ಇಲ್ಲದೆ ಹೇಳ್ತೀನಿ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ಟೀಮ್ ಸೆಮಿಫೈನಲ್‌ನಲ್ಲಿ ಅಮೆರಿಕಾನ 82-76ರಲ್ಲಿ ಸೋಲಿಸಿ ಆಮೇಲೆ ಚಿನ್ನ ಗೆದ್ದಾಗ ಸಬೋನಿಸ್, ಶರೂನಾಸ್ ಮಾರ್ಚುಲಿಯೋನಿಸ್, ರಿಮಾಸ್ ಕುರ್ಟಿನಾಯ್ಟಿಸ್, ವಾಲ್ಡೆಮಾರಾಸ್ ಹೊಮಿಚ್ಯುಸ್ ಈ ನಾಲ್ಕೂ ಜನ ಲಿಥುವೇನಿಯಾದವರು, ಟೀಮಿನ ಬೆನ್ನೆಲುಬೇ ಅವರು. ಪೋಡಿಯಂ ಮೇಲೆ ಹಾರಿದ್ದು ಕೆಂಪು ಬಾವುಟ.

1990ರ ಮಾರ್ಚ್ 11ಕ್ಕೆ ಲಿಥುವೇನಿಯಾ ಸ್ವಾತಂತ್ರ್ಯ ಘೋಷಿಸ್ತು. 1991ರ ಜನವರೀಲಿ ವಿಲ್ನಿಯಸ್‌ನ ಟಿವಿ ಟವರ್ ಹತ್ರ ನಿರಾಯುಧ ಜನರ ಮೇಲೆ ಸೋವಿಯತ್ ಟ್ಯಾಂಕ್ ಬಂದು 14 ಜನ ಸತ್ರು. ಇದಾಗಿ ಒಂದೂವರೆ ವರ್ಷಕ್ಕೆ ಬಾರ್ಸಿಲೋನಾ. ಹೊಸ ದೇಶದ ಹತ್ರ ಟೀಮ್ ಕಳಿಸೋಕೆ ದುಡ್ಡಿಲ್ಲ. ಆಗ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಆಡ್ತಿದ್ದ ಮಾರ್ಚುಲಿಯೋನಿಸ್, ಅಲ್ಲಿನ ಸಹಾಯಕ ಕೋಚ್ ಡಾನಿ ನೆಲ್ಸನ್ ಜೊತೆ ಸೇರಿ ಓಡಾಡಿ ದುಡ್ಡು ಕೂಡಿಸಿದ. ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ರಾಕ್ ಬ್ಯಾಂಡ್ ಗ್ರೇಟ್‌ಫುಲ್ ಡೆಡ್ ವಿಷಯ ತಿಳಿದು ದುಡ್ಡು ಕೊಡ್ತು, ಜೊತೆಗೆ ಹಳದಿ ಹಸಿರು ಕೆಂಪು ಬಣ್ಣದ, ಅಸ್ಥಿಪಂಜರ ಬಾಲ್ ಡಂಕ್ ಮಾಡ್ತಿರೋ ಚಿತ್ರದ ಟೀ ಶರ್ಟ್‌ಗಳು. ಬಾವುಟದ ಬಣ್ಣಗಳೇ ಅವು, ಎಷ್ಟೋ ವರ್ಷ ಬಹಿರಂಗವಾಗಿ ಹಾರಿಸೋಕೆ ಬಿಡದೇ ಇದ್ದ ಬಾವುಟ.

ಸೆಮಿಫೈನಲ್‌ನಲ್ಲಿ ಡ್ರೀಮ್ ಟೀಮ್ ಇವರನ್ನ 127-76ರಲ್ಲಿ ಹೊಡೀತು, ಅದರ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಕಂಚಿನ ಮ್ಯಾಚಲ್ಲಿ ಎದುರಿಗೆ ನಿಂತಿದ್ದು ನಾಲ್ಕು ವರ್ಷದ ಹಿಂದೆ ಜೊತೇಲಿ ಚಿನ್ನ ಗೆದ್ದಿದ್ದ ಸ್ನೇಹಿತರು, ಆದ್ರೆ ಸೋತ್ರೆ ಮತ್ತೆ ಮಾಸ್ಕೋಗೇ ಸೋತಂಗೆ. ಅದೇ ಟೂರ್ನಮೆಂಟಿನ ಗ್ರೂಪ್ ಹಂತದಲ್ಲಿ ಒಂದ್ಸಲ ಅವರಿಗೆ ಸೋತಿದ್ರು ಬೇರೆ. ಈ ಸಲ 82-78, ಲಿಥುವೇನಿಯಾ ಗೆದ್ತು. ದೇಶದ ಮುಖ್ಯಸ್ಥ ವಿತಾವ್ಟಾಸ್ ಲಾಂಡ್ಸ್‌ಬೆರ್ಗಿಸ್ ಡ್ರೆಸಿಂಗ್ ರೂಮಿಗೇ ಬಂದ್ರು, ಹುಡುಗರು ಅವರನ್ನೂ ಶಾಂಪೇನಲ್ಲಿ ನೆನೆಸಿದ್ರು. ಪೋಡಿಯಂ ಹತ್ತುವಾಗ ಎಲ್ಲರ ಮೈಮೇಲೂ ಆ ಬಣ್ಣಬಣ್ಣದ ಟೀ ಶರ್ಟು. ಟೀ ಶರ್ಟಿನ ಕಥೆ ಮಜಾ ಅಂತ ಎಲ್ರೂ ಹೇಳ್ತಾರೆ, ನಂಗೆ ಅದಕ್ಕಿಂತ ಮುಖ್ಯ ಅನ್ಸೋದು 53 ವರ್ಷ ಆದ್ಮೇಲೆ ಎದೆ ಮೇಲೆ ತಮ್ಮ ದೇಶದ ಹೆಸರಿಟ್ಕೊಂಡು ಪದಕ ಗೆದ್ರಲ್ಲ, ಅದು.

ಆಮೇಲಿಂದು ಬೇಗ ಹೇಳ್ತೀನಿ. 1995ರ ಯುರೋಬಾಸ್ಕೆಟ್, ಅಂದ್ರೆ ಅದೇ ಯುರೋಪಿಯನ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ರೆಫರಿಗಳ ತೀರ್ಪಿನ ಗಲಾಟೆ ಮಧ್ಯೆ ಯುಗೋಸ್ಲಾವಿಯಾಗೆ ಸೋತ್ರು. 1996 ಅಟ್ಲಾಂಟಾ, 2000 ಸಿಡ್ನಿ, ಎರಡರಲ್ಲೂ ಕಂಚು, ಎರಡೂ ಸಲ ಆಸ್ಟ್ರೇಲಿಯಾ ಮೇಲೆ. ಸಿಡ್ನಿ ಸೆಮಿಫೈನಲ್‌ನಲ್ಲಿ ಎನ್‌ಬಿಎ ಆಟಗಾರರ ಅಮೆರಿಕ 85-83ರಲ್ಲಿ ಬಚಾವಾಯ್ತು, ಶರೂನಾಸ್ ಯಾಸಿಕೆವಿಚ್ಯುಸ್ ಕೊನೇಲಿ ದೂರದಿಂದ ಎಸೆದ ತ್ರೀ ಪಾಯಿಂಟರ್ (ಮೂರು ಪಾಯಿಂಟಿನ ಶಾಟ್) ಬುಟ್ಟಿಗೆ ಬಿದ್ದಿದ್ರೆ ಚರಿತ್ರೆನೇ ಬೇರೆ ಆಗ್ತಿತ್ತು. ಅದೇ ಯಾಸಿಕೆವಿಚ್ಯುಸ್ 2003ರಲ್ಲಿ ಸ್ಪೇನ್ ವಿರುದ್ಧ ಫೈನಲ್ ಗೆದ್ದು ಯುರೋಬಾಸ್ಕೆಟ್ ಕಪ್ ತಂದ, 1939ರ ನಂತರ ಮೊದಲ ಸಲ. 2004ರ ಅಥೆನ್ಸ್‌ನಲ್ಲಿ ಗ್ರೂಪ್ ಹಂತದಲ್ಲಿ ಅಮೆರಿಕಾನ 94-90ರಲ್ಲಿ ಸೋಲಿಸೇಬಿಟ್ರು. 1992ರಿಂದ 2008ರವರೆಗೆ ಐದು ಒಲಿಂಪಿಕ್ಸ್, ಐದರಲ್ಲೂ ಸೆಮಿಫೈನಲ್! ನೋವಿನ ದಿನಗಳೂ ಇವೆ, 2011ರಲ್ಲಿ ತಮ್ಮ ಮನೇಲೇ ನಡೆದ ಯುರೋಬಾಸ್ಕೆಟ್‌ನಲ್ಲಿ ಮ್ಯಾಸಿಡೋನಿಯಾಗೆ 67-65ರಲ್ಲಿ ಸೋತಿದ್ದನ್ನ ಅಲ್ಲಿನ ಜನ ಮರೆಯೋದು ಕಷ್ಟ. 2013, 2015ರಲ್ಲಿ ಬೆಳ್ಳಿ.

ಈಗಿನ ತೊಂದರೆ ಒಲಿಂಪಿಕ್ಸ್ ಟಿಕೆಟ್‌ದು. ಯುರೋಪಲ್ಲಿ ಒಳ್ಳೇ ಟೀಮ್ ತುಂಬಾ, ಸೀಟು ಕಮ್ಮಿ. 2021ರಲ್ಲಿ ಕೌನಾಸ್‌ನಲ್ಲೇ ನಡೆದ ಕ್ವಾಲಿಫೈಯರ್ ಫೈನಲ್‌ನಲ್ಲಿ ಲೂಕಾ ಡಾನ್‌ಚಿಚ್‌ನ ಸ್ಲೊವೇನಿಯಾ ಗೆದ್ತು, 1992ರ ನಂತರ ಮೊದಲ ಸಲ ಲಿಥುವೇನಿಯಾ ಇಲ್ಲದ ಒಲಿಂಪಿಕ್ಸ್ ಬಾಸ್ಕೆಟ್‌ಬಾಲ್ ನಡೀತು. 2023ರ ವಿಶ್ವಕಪ್‌ನಲ್ಲಿ ಮನಿಲಾದಲ್ಲಿ ಮೊದಲ ಒಂಬತ್ತು ತ್ರೀ ಪಾಯಿಂಟರ್ ಒಂದೂ ಮಿಸ್ ಮಾಡದೆ ಹಾಕಿ ಅಮೆರಿಕಾನ 110-104ರಲ್ಲಿ ಮಲಗಿಸಿದ್ರು, ಆದ್ರೆ ಅದಾದ ತಕ್ಷಣ ಕ್ವಾರ್ಟರ್ ಫೈನಲ್‌ನಲ್ಲಿ ಸರ್ಬಿಯಾಗೆ ಸೋಲು, ಪ್ಯಾರಿಸ್‌ಗೆ ನೇರ ಟಿಕೆಟ್ ಯುರೋಪಿನ ಎರಡೇ ಟೀಮಿಗೆ ಇದ್ದಿದ್ದು, ಜರ್ಮನಿ ಮತ್ತು ಅದೇ ಸರ್ಬಿಯಾ ತಗೊಂಡು ಹೋದ್ರು. ಆಮೇಲೆ ಪೋರ್ಟೊರಿಕೊದಲ್ಲಿ ಕೊನೇ ಅವಕಾಶವೂ ಹೋಯ್ತು. ಅಮೆರಿಕಾನ ಸೋಲಿಸಿದ ಟೀಮ್ ಒಲಿಂಪಿಕ್ಸ್‌ಗೆ ಹೋಗೋಕಾಗಲ್ಲ ಅಂದ್ರೆ ಆ ಪದ್ಧತೀಲೇ ಏನೋ ಸರಿ ಇಲ್ಲ ಅಂತ ನಾನಂತೂ ಅಂತೀನಿ. ಪ್ಯಾರಿಸ್‌ನಲ್ಲಿ ಮೂರು ಜನರ ಆಟದಲ್ಲಿ, ಅಂದ್ರೆ 3x3ನಲ್ಲಿ, ಲಿಥುವೇನಿಯಾ ಹುಡುಗರು ಕಂಚು ತಂದಿದಾರೆ. ಐದು ಜನರ ಟೀಮಿಗೆ ಮುಂದಿನ ಅವಕಾಶ 2028ರ ಲಾಸ್ ಏಂಜಲೀಸ್. ಸಬೋನಿಸ್ ಮಗ ಡೊಮಾಂಟಾಸ್ 2016ರ ರಿಯೋದಲ್ಲಿ 20ರ ಹುಡುಗನಾಗಿ ಆಡಿದ್ದ, 2028ಕ್ಕೆ ಅವನಿಗೆ 32 ಆಗಿರತ್ತೆ.