ಹೊಗೆಯ ಮೇಲೆ ಸೀಮೆಎಣ್ಣೆ ಸುರಿಯಬೇಡಿ

ಒಲೆ ರಿಪೇರಿ ಮಾಡುವ ನನಗೆ ಫೋನ್ ಬರುವುದು ಹೆಚ್ಚಾಗಿ ಬೆಳಗಿನ ಜಾವ ನಾಲ್ಕೂವರೆಗೆ. ಮೊದಲು ಕೆಮ್ಮು ಕೇಳಿಸುತ್ತದೆ, ಮಾತು ಆಮೇಲೆ. “ಒಲೆ ಹತ್ತುತ್ತಿಲ್ಲ, ಬರೀ ಹೊಗೆ. ಫ್ಯಾನ್ ಪೂರ್ತಿ ಇಟ್ಟಿದ್ದೇನೆ. ಸೀಮೆಎಣ್ಣೆ ಎರಡು ಸಲ ಹಾಕಿದೆ. ಇನ್ನೊಂದು ಸಲ ಹಾಕಲೇ?”

ಹಾಕಬೇಡಿ. ಹೊಗೆಯಾಡುತ್ತಿರುವ ಪೆಲೆಟ್ ಒಲೆಗೆ, ಅಂದರೆ ಮರದ ಹೊಟ್ಟು, ಸಿಪ್ಪೆಗಳನ್ನು ಒತ್ತಿ ಮಾಡಿದ ಸಣ್ಣ ತುಂಡುಗಳನ್ನು ಉರಿಸುವ ಒಲೆಗೆ, ಸೀಮೆಎಣ್ಣೆ, ಡೀಸೆಲ್, ಥಿನ್ನರ್, ಪೆಟ್ರೋಲ್ ಯಾವುದನ್ನೂ ಸುರಿಯಬೇಡಿ. ಇಷ್ಟನ್ನೇ ಓದಿ ಕೆಲಸಕ್ಕೆ ಹೋಗುವವರಿದ್ದರೆ ಹೋಗಿ ಬನ್ನಿ, ನನಗೆ ಸಮಾಧಾನವೇ. ಉಳಿದವರಿಗೆ ಕಾರಣ ಹೇಳುತ್ತೇನೆ. ಕಾರಣ ತಿಳಿಯದೆ ಕೇಳಿದ ಮಾತು ನಾಲ್ಕು ದಿನ ನೆನಪಿರುತ್ತದೆ, ಐದನೆಯ ದಿನ ಡಬ್ಬ ಮತ್ತೆ ಕೈಗೆ ಬರುತ್ತದೆ. ಇದನ್ನು ಹದಿನಾಲ್ಕು ವರ್ಷಗಳಿಂದ ನೋಡುತ್ತಿದ್ದೇನೆ.

ನಾನು ಹೇಳುತ್ತಿರುವುದು ಹೋಟೆಲು, ಖಾನಾವಳಿ, ಹಾಸ್ಟೆಲು, ಕಲ್ಯಾಣ ಮಂಟಪಗಳಲ್ಲಿ ಬಳಸುವ ಫ್ಯಾನ್ ಇರುವ ಪೆಲೆಟ್ ಒಲೆಯ ಬಗ್ಗೆ. ಉದ್ದನೆಯ ಡಬ್ಬದಂಥ ಉರಿಗೂಡು, ಅದರ ತಳದಲ್ಲಿ ಜಾಲರಿ, ಬಾಯಿಯ ಹತ್ತಿರ ಸುತ್ತಲೂ ತೂತುಗಳ ಸಾಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡು, 2000ರ ದಶಕದಲ್ಲಿ ‘ಊರ್ಜಾ’ ಎಂಬ ಹೆಸರಿನಲ್ಲಿ ಮನೆಗಳಿಗೂ ಬಂದ ಸಣ್ಣ ಒಲೆಯನ್ನು ಕಂಡವರಿಗೆ ಈ ತತ್ತ್ವ ಗೊತ್ತಿರುತ್ತದೆ. ಪೆಲೆಟ್ ತುಂಬುವುದು ಹೇಗೆ, ಬೂದಿ ತೆಗೆಯುವುದು ಯಾವಾಗ ಎಂಬುದನ್ನೆಲ್ಲ ಒಲೆ ಕೊಟ್ಟವರು ಹೇಳಿಕೊಟ್ಟಿರುತ್ತಾರೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಹೊಗೆಗೆ ಬರೋಣ. ನೀವು ‘ಬರೀ ಹೊಗೆ’ ಎನ್ನುವ ಆ ದಟ್ಟನೆಯ ಬಿಳಿ, ಹಳದಿ ಹೊಗೆ ಬೆಂಕಿಯ ಕಸವಲ್ಲ, ಇನ್ನೂ ಉರಿಯದ ಉರುವಲು. ಪೆಲೆಟ್ ಕಾದಾಗ ಮೊದಲು ಅದರೊಳಗಿನ ನೀರು ಆವಿಯಾಗುತ್ತದೆ. ಇನ್ನೂರೈವತ್ತು ಡಿಗ್ರಿ ದಾಟುತ್ತಿದ್ದಂತೆ ಮರವೇ ಒಡೆದು ಅನಿಲವಾಗತೊಡಗುತ್ತದೆ. ಬಾಣಲೆಯ ಕೆಳಗೆ ನೀವು ಕಾಣುವ ಜ್ವಾಲೆ ಆ ಅನಿಲದ್ದು. ಅನಿಲ ಹುಟ್ಟುತ್ತಲೇ ಉರಿದರೆ ಹೊಗೆ ಕಾಣುವುದಿಲ್ಲ. ಹುಟ್ಟಿಯೂ ಉರಿಯದೆ ಹೋದರೆ ಅದು ಹೊಗೆಯಾಗಿ ಉರಿಗೂಡಿನಲ್ಲಿ, ಪಾತ್ರೆಯ ಅಡಿಯಲ್ಲಿ, ಚಿಮಣಿಯಲ್ಲಿ ತುಂಬಿಕೊಂಡು ಒಂದು ಕಿಡಿಗಾಗಿ ಕಾಯುತ್ತದೆ. ಮನೆಯಲ್ಲಿ ಒಂದು ಮೇಣದಬತ್ತಿ ಹಚ್ಚಿ, ಊದಿ ಆರಿಸಿ. ಬತ್ತಿಯಿಂದ ಬಿಳಿ ಎಳೆಯೊಂದು ಏಳುತ್ತದೆ. ಉರಿಯುವ ಕಡ್ಡಿಯನ್ನು ಬತ್ತಿಗೆ ತಾಗಿಸದೆ, ಬತ್ತಿಗಿಂತ ಒಂದಂಗುಲ ಮೇಲೆ ಆ ಎಳೆಗೆ ಹಿಡಿಯಿರಿ. ಜ್ವಾಲೆ ಎಳೆಯ ಗುಂಟ ಕೆಳಗೆ ಹಾರಿ ಬತ್ತಿಯನ್ನು ಹತ್ತಿಸುತ್ತದೆ. ನಾನು ಹೊಸ ಅಡುಗೆಯವರಿಗೆಲ್ಲ ಇದನ್ನು ತೋರಿಸಿಯೇ ಒಲೆ ಮುಟ್ಟಲು ಬಿಡುವುದು. ಮೇಣದಬತ್ತಿಯಲ್ಲಿ ಅದು ನೂಲಿನಷ್ಟು. ಎಂಟು ಹತ್ತು ಕಿಲೋ ಪೆಲೆಟ್ ಹೊಗೆಯಾಡುತ್ತಿರುವ ಒಲೆಯಲ್ಲಿ ಎಷ್ಟೆಂದು ನೀವೇ ಯೋಚಿಸಿ. ಅದರ ಮೇಲೆ ಬಗ್ಗಿ ಎಣ್ಣೆ ಸುರಿದರೆ ಎಣ್ಣೆಯೂ ಆವಿಯಾಗಿ ಹೊಗೆಯ ಜೊತೆ ಸೇರುತ್ತದೆ. ಆಮೇಲೆ ಕಡ್ಡಿ ಗೀರುತ್ತೀರಿ.

ತಿಪಟೂರಿನ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ ಆದದ್ದು ಇದೇ. ಮುಖ್ಯ ಅಡುಗೆ ಭಟ್ಟರಿಗೆ ಅರವತ್ತು ದಾಟಿತ್ತು. ಸಾವಿರ ಎಲೆಯ ಊಟವನ್ನು ಚೀಟಿಯಿಲ್ಲದೆ ನಡೆಸಬಲ್ಲವರು, ಕೈಕೆಳಗಿನ ಹುಡುಗರಿಗೆ ಮೊದಲು ಉಣಬಡಿಸಿ ತಾವು ಕೊನೆಗೆ ಕೂರುವವರು. ಧಾರೆಯ ದಿನ ಉಪ್ಪಿಟ್ಟಿಗೆ ನೀರಿಡಬೇಕಾದ ಹೊತ್ತಿನಲ್ಲಿ ಒಲೆ ಮುಷ್ಕರ ಹೂಡಿತು. ಹುಡುಗ ಥಿನ್ನರ್ ಸುರಿದ, ಭಟ್ಟರು ಕಾಗದದ ಪಂಜು ಹಿಡಿದು ಬಗ್ಗಿದರು. ಧಗ್ಗೆಂದು ಎದ್ದ ಉರಿ ಹುಬ್ಬು, ರೆಪ್ಪೆ, ಮುಂದಲೆಯ ಕೂದಲನ್ನು ಸವರಿಕೊಂಡು ಹೋಯಿತು. ದೇವರ ದಯೆ, ಕಣ್ಣು ಉಳಿಯಿತು. ನಾನು ತಲುಪಿದಾಗ ಮುಖಕ್ಕೆ ಒದ್ದೆ ಬಟ್ಟೆ ಹಿಡಿದು ಕೂತಿದ್ದವರು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಅಲ್ಲಪ್ಪಾ, ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ ಅಲ್ಲವೇ? ಹೊಗೆ ಇಷ್ಟಿದೆ, ಬೆಂಕಿ ಒಳಗೆಲ್ಲೋ ಇದ್ದೇ ಇದೆ, ಒಂದಿಷ್ಟು ಸಹಾಯ ಮಾಡೋಣ ಎಂದುಕೊಂಡೆ.”

ಗಾದೆಯನ್ನು ನಂಬಿದವರನ್ನು ಬೈಯುವುದು ಹೇಗೆ? ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆ ಎಂದು ತರ್ಕಶಾಸ್ತ್ರವೇ ಹೇಳುತ್ತದೆ. ಪೆಲೆಟ್ ಒಲೆಯಲ್ಲಿ ಮಾತ್ರ ಹೊಗೆ ದಟ್ಟವಾಗಿದೆ ಎಂದರೆ ಕಾವಿದೆ, ಜ್ವಾಲೆ ಇಲ್ಲ ಎಂದು ಅರ್ಥ.

ಆಗ ಮಾಡಬೇಕಾದದ್ದು ಅವಸರದ ಕೆಲಸವಲ್ಲ, ಅದಕ್ಕೇ ಯಾರಿಗೂ ಇಷ್ಟವಾಗುವುದಿಲ್ಲ. ಮುಖ ದೂರವಿರಲಿ. ಕಿಟಕಿ ಬಾಗಿಲು ತೆರೆಯಿರಿ, ಮೇಲೆ ಪಾತ್ರೆ ಇದ್ದರೆ ಬದಿಯಿಂದ ಸರಿಸಿ. ಹೊಗೆ ತಾನಾಗಿ ಇಳಿಯುವವರೆಗೆ ಕಡ್ಡಿ ಗೀರಬೇಡಿ. ಪೂರ್ತಿ ತಣಿದ ಮೇಲೆ ಪೆಲೆಟನ್ನೆಲ್ಲ ಕಬ್ಬಿಣದ ಬಾನಿಗೆ ಸುರಿದು ಬಯಲಿನಲ್ಲಿಡಿ, ಒಳಗೆ ಕೆಂಡ ಉಳಿದಿರಬಹುದು. ಆಮೇಲೆ ಹೊಸದಾಗಿ ತುಂಬಿ. ಅಮೆರಿಕದ ಚಳಿಯ ಊರುಗಳಲ್ಲಿ ಮನೆ ಬೆಚ್ಚಗಿಡಲು ಗುಂಡಿ ಒತ್ತಿದರೆ ತಾನೇ ಹತ್ತಿಕೊಳ್ಳುವ ಪೆಲೆಟ್ ಒಲೆಗಳಿವೆ. ಅಲ್ಲಿರುವ ನಮ್ಮವರೂ ಗಮನಿಸಿ. ಹತ್ತದಿದ್ದಾಗ ಮತ್ತೆ ಮತ್ತೆ ಗುಂಡಿ ಒತ್ತಿದರೆ ಒಳಗಿನ ಉರಿಬಟ್ಟಲಿನಲ್ಲಿ ಪೆಲೆಟ್ ರಾಶಿ ಬೀಳುತ್ತದೆ, ಗೂಡು ಹೊಗೆಯಿಂದ ತುಂಬುತ್ತದೆ, ಆಗುವ ಅನಾಹುತ ಇದೇ. ಬಟ್ಟಲು ಬರಿದು ಮಾಡದೆ ಎರಡನೆಯ ಸಲ ಹಚ್ಚಬಾರದು.

ಫ್ಯಾನಿನ ಬಗ್ಗೆ ಒಂದು ಮಾತು. ಕುಲುಮೆಯ ತಿದಿ ನೋಡಿ ಬೆಳೆದವರು ನಾವು, ಗಾಳಿ ಹೆಚ್ಚಿದಷ್ಟೂ ಉರಿ ಹೆಚ್ಚು ಎಂಬ ನಂಬಿಕೆ ಕೈಯಲ್ಲೇ ಇದೆ. ಕುಲುಮೆಯಲ್ಲಿ ಮೊದಲೇ ಕೆಂಡವಿರುತ್ತದೆ. ಇಲ್ಲಿ ನೀವು ಹಚ್ಚುವುದು ಮೇಲಿನ ಪದರದ ಒಂದು ಹಿಡಿ ಪೆಲೆಟನ್ನು. ಅದು ಪಕ್ಕದ್ದನ್ನು ಕಾಯಿಸಿ ಹತ್ತಿಸುವ ಮೊದಲೇ ತಣ್ಣನೆಯ ಗಾಳಿ ರಭಸವಾಗಿ ಬಂದರೆ ಕಾವೆಲ್ಲ ಗಾಳಿಯ ಪಾಲು. ಮೊದಲ ನಾಲ್ಕೈದು ನಿಮಿಷ ಫ್ಯಾನ್ ತೀರಾ ಸಣ್ಣಗಿರಲಿ. ಮೇಲ್ಮೈಯೆಲ್ಲ ಹತ್ತಿ, ಬಾಯಿಯ ತೂತುಗಳ ಬಳಿ ನಾಲಗೆಗಳು ಕಾಣಿಸಿದ ಮೇಲೆ ಏರಿಸಿ. ಮಾದರಿಯಿಂದ ಮಾದರಿಗೆ ಇದು ತುಸು ಬದಲಾಗುತ್ತದೆ, ನಿಮ್ಮ ಒಲೆಯ ಕೈಪಿಡಿಯ ಮಾತೇ ಕೊನೆಯದು.

ಇನ್ನು ಹತ್ತದಿರಲು ಕಾರಣ. ನಾನು ಹೋಗಿ ನೋಡಿದ ಒಲೆಗಳಲ್ಲಿ ಹೆಚ್ಚಿನವು ಕೆಟ್ಟಿರಲಿಲ್ಲ, ಪೆಲೆಟ್ ತೇವ ಹೀರಿತ್ತು. ಮಳೆಗಾಲದಲ್ಲಿ ಪಾತ್ರೆ ತೊಳೆಯುವ ಜಾಗದ ಪಕ್ಕ, ಸಿಮೆಂಟ್ ನೆಲದ ಮೇಲೆ ನೇರವಾಗಿ ಚೀಲ ಒಟ್ಟಿರುತ್ತಾರೆ. ಅಕ್ಕಿ ಚೀಲಕ್ಕೆ ಹಲಗೆ ಹಾಕುವವರೇ ಪೆಲೆಟ್ ಚೀಲಕ್ಕೆ ಹಾಕುವುದಿಲ್ಲ. ಒಂದು ಪೆಲೆಟ್ ತೆಗೆದು ಬೆರಳುಗಳ ನಡುವೆ ಮುರಿಯಿರಿ. ಒಣಗಿದ್ದರೆ ಬಳಪ ಮುರಿದಂತೆ ಟಕ್ಕೆನ್ನುತ್ತದೆ, ಮೈ ನುಣುಪಾಗಿ ಹೊಳೆಯುತ್ತದೆ. ತೇವವಿದ್ದರೆ ಸದ್ದಿಲ್ಲದೆ ಬಾಗಿ ಪುಡಿಯಾಗುತ್ತದೆ, ಮೈಯಲ್ಲಿ ಅಡ್ಡ ಬಿರುಕುಗಳಿರುತ್ತವೆ. ಒಳ್ಳೆಯ ಪೆಲೆಟಿನಲ್ಲಿ ತೇವ ನೂರಕ್ಕೆ ಹತ್ತಕ್ಕಿಂತ ಕಡಿಮೆ ಇರಬೇಕು. ಚೀಲದ ತಳದ ಪುಡಿಯನ್ನು ಒಲೆಗೆ ಹಾಕಲೇಬೇಡಿ, ಅದು ಪೆಲೆಟುಗಳ ನಡುವಿನ ಸಂದು ಮುಚ್ಚುತ್ತದೆ.

ಎರಡನೆಯದು ಜಾಲರಿ. “ಫ್ಯಾನ್ ತಿರುಗುತ್ತಿದೆಯಲ್ಲ” ಎನ್ನುತ್ತಾರೆ. ತಿರುಗುವುದು ಬೇರೆ, ಗಾಳಿ ಬರುವುದು ಬೇರೆ. ಒಲೆ ಖಾಲಿಯಿದ್ದು ತಣ್ಣಗಿರುವಾಗ ಫ್ಯಾನ್ ಹಾಕಿ, ಉದ್ದನೆಯ ಕಾಗದದ ಪಟ್ಟಿಯನ್ನು ಒಳಗೆ ಇಳಿಬಿಡಿ. ಜಾಲರಿಯ ಮೇಲೆ ಎಲ್ಲ ಕಡೆ ಅದು ನಡುಗಬೇಕು. ಮರದ ಹೊಟ್ಟಿನ ಪೆಲೆಟಿನಲ್ಲಿ ಬೂದಿ ನೂರಕ್ಕೆ ಒಂದೆರಡು ಪಾಲು, ಭತ್ತದ ಹೊಟ್ಟಿನದರಲ್ಲಿ ಹದಿನೈದು ದಾಟುತ್ತದೆ. ಮಣ್ಣು ಬೆರೆತ ಶೇಂಗಾ ಸಿಪ್ಪೆಯದಾದರೆ ಬೂದಿ ಕರಗಿ ಗಾಜಿನಂಥ ಕಿಟ್ಟವಾಗಿ ತೂತುಗಳಲ್ಲಿ ಕೂರುತ್ತದೆ. ಕಿಲೋಗೆ ಒಂದೆರಡು ರೂಪಾಯಿ ಕಡಿಮೆ ಎಂದು ಕೊಂಡವರು ಆ ಕಿಟ್ಟವನ್ನು ಉಳಿಯಿಂದ ಕೆತ್ತುವುದನ್ನು ಕಂಡಿದ್ದೇನೆ. ಉಳಿ ಬೇಡ, ಒಳಗಿನ ಮಣ್ಣಿನ ಲೇಪ ಬಿರುಕು ಬಿಡುತ್ತದೆ. ಜಾಲರಿಯನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿ, ಮುಚ್ಚಿದ ತೂತುಗಳನ್ನು ಕಂಬಿಯಿಂದ ಬಿಡಿಸಿ. ಫ್ಯಾನಿನ ವೈರು, ಮೋಟಾರಿನ ಕೆಲಸವನ್ನು ಮಾತ್ರ ತಿಳಿದವರಿಗೆ ಬಿಡಿ.

ಇದಿಷ್ಟೂ ಸರಿಯಿದ್ದು ಒಲೆ ಹತ್ತದಿದ್ದರೆ ನಮ್ಮಂಥವರನ್ನು ಕರೆಯಿರಿ, ಎಷ್ಟು ಹೊತ್ತಾದರೂ ಪರವಾಗಿಲ್ಲ. ಬರುವವರೆಗೆ ಗ್ಯಾಸ್ ಒಲೆಯ ಮೇಲೆ ಕಾಫಿಗಾದರೂ ನೀರಿಡಿ. ಉಪ್ಪಿಟ್ಟು ಅರ್ಧ ಗಂಟೆ ತಡವಾದರೆ ಬೀಗರು ಕೋಪಿಸಿಕೊಳ್ಳಬಹುದು, ಕೋಪಿಸಿಕೊಳ್ಳಲಿ.

ತಿಪಟೂರಿನ ಭಟ್ಟರಿಗೆ ಹುಬ್ಬು ಮತ್ತೆ ಬಂದಿದೆ, ಒಂದು ಕಡೆ ತುಸು ತೆಳ್ಳಗೆ. ಈಗ ಅವರು ಪೆಲೆಟ್ ಚೀಲ ಇಳಿಸುವ ಲಾರಿಯ ಹತ್ತಿರ ತಾವೇ ಹೋಗುತ್ತಾರೆ. ಪ್ರತಿ ಚೀಲದಿಂದ ಒಂದೊಂದು ಪೆಲೆಟ್ ತೆಗೆದು, ಕಿವಿಯ ಹತ್ತಿರ ಹಿಡಿದು ಮುರಿಯುತ್ತಾರೆ. ಸದ್ದು ಕೇಳಿಸದ ಚೀಲ ಲಾರಿಯಲ್ಲೇ ಉಳಿಯುತ್ತದೆ.